ದೊಡ್ಡೋಳು, ಚಿಕ್ಕೋಳು

ಸ್ವಲ್ಪ ಫೋನ್ ಕೆಳಗಿಟ್ಟು ಇದನ್ನು ಪೂರ್ತಿ ಕೇಳಿಬಿಡಿ. ಅಕ್ಕನ ಹೆಬ್ಬೆರಳು ಫೋನಿನ ಪರದೆಯಲ್ಲಿ 'ಆಫ್' ಗುಂಡಿಯ ಮೇಲೆ ನಿಂತಿತ್ತು. ಒತ್ತಿದರೆ ಮನೆಯ ವೈಫೈನಲ್ಲಿ 'ದೊಡ್ಡೋಳು' ಅನ್ನೋ ಹೆಸರೇ ಇರುತ್ತಿರಲಿಲ್ಲ. ವಾಚ್ ರಿಪೇರಿ ಮಾಡುತ್ತಿದ್ದ ಅಪ್ಪ ಬದುಕಿದ್ದಾಗ ವೈಫೈನ ಎರಡು ಬ್ಯಾಂಡಿಗೂ, ಅಂದರೆ ಎರಡು ಸಿಗ್ನಲ್‌ಗೂ, ತಮ್ಮ ಇಬ್ಬರು ಹೆಣ್ಣುಮಕ್ಕಳ ಅಡ್ಡಹೆಸರು ಇಟ್ಟಿದ್ದರು. ಐದು ಗಿಗಾಹರ್ಟ್ಸ್ 'ಚಿಕ್ಕೋಳು', ಮಿಂಚಿನ ವೇಗ. ಎರಡು ಪಾಯಿಂಟ್ ನಾಲ್ಕು 'ದೊಡ್ಡೋಳು', ಶುದ್ಧ ಆಮೆ.

"ಆಫ್ ಮಾಡೇ ಅಕ್ಕ, ಯಾರು ಬಳಸ್ತಾರೆ ಅದನ್ನ? ನೀನು ಸ್ಲೋ ಅಂತ ಅಪ್ಪನೇ ಸರ್ಟಿಫಿಕೇಟ್ ಕೊಟ್ಟಿದಾರೆ!" ತಂಗಿ ಕಿಸಕ್ಕನೆ ನಕ್ಕಳು. ಆ ಹೆಸರು ಅಕ್ಕನಿಗೆ ಅಂದಿನಿಂದಲೂ ಚುಚ್ಚುತ್ತಿತ್ತು.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಅಮ್ಮ ಓಡಿಬಂದರು. ಕೈಯಲ್ಲಿ ಅಪ್ಪನ ಹಳೇ ಫೋನು. ಆ ಕೋಣೆಯಲ್ಲಿರುವ ಅವರ ರಿಪೇರಿ ಮೇಜಿನ ಮುಂದೆ ಕೂತು ಅಮ್ಮ ಅದರಲ್ಲೇ ಹಾಡು ಕೇಳುತ್ತಾರೆ. "ಅದನ್ನ ತೆಗೀಬೇಡ ಕಣೇ! ಚಿಕ್ಕೋಳು ಗೋಡೆ ಅಡ್ಡ ಬಂದ್ರೆ ಅಲ್ಲೇ ನಿಂತುಬಿಡ್ತಾಳೆ. 'ಎಷ್ಟು ಗೋಡೆ ಇದ್ರೂ ನನ್ನ ಹುಡುಕ್ಕೊಂಡು ಬರೋಳು ದೊಡ್ಡೋಳು' ಅಂತಿದ್ರು ನಿಮ್ಮಪ್ಪ."

ಅಕ್ಕನಿಗೆ ವಾಚಿನ ಎಣ್ಣೆಯ ವಾಸನೆ ಬಂದಂತಾಯಿತು. ಸಂಜೆಯೆಲ್ಲ ಆ ಮೇಜಿನ ಪಕ್ಕ ಟಾರ್ಚ್ ಹಿಡಿದು ನಿಲ್ಲುತ್ತಿದ್ದದ್ದು ಅವಳೇ. ಚಿಕ್ಕವಳು ಹಾಲ್‌ನಲ್ಲಿ ಟಿವಿ ಬಿಟ್ಟು ಏಳುತ್ತಿರಲಿಲ್ಲ.

"ನಾನು ಬರ್ತಾನೇ ಇರ್ಲಿಲ್ವಾ ಅಮ್ಮಾ?" ತಂಗಿಯ ದನಿ ಸಣ್ಣಗಾಯಿತು.

ಅಕ್ಕ ಬೆರಳು ತೆಗೆದಳು. ಅಪ್ಪನ ಫೋನನ್ನು ತಂಗಿಯ ಕೈಗಿಟ್ಟು, "ಈಗ ಬಾ, ಒಳಗೆ ಕೂತು ಹಾಡು ಕೇಳೋಣ" ಎಂದಳು. ನೀವಾಗಿದ್ದರೆ ಆ ಹೆಸರನ್ನು ಏನು ಮಾಡುತ್ತಿದ್ದಿರಿ?