ಶುಕ್ರವಾರದ ದೀಪ

ಒಂದೂರಿನಲ್ಲಿ ಶುಕ್ರವಾರ ಮನೆದೇವರಿಗೆ ದೀಪ ಹಚ್ಚದೆ ತುತ್ತು ಮುಟ್ಟದ ಸುಬ್ಬಮ್ಮ ಎಂಬಾಕೆ ಇದ್ದಳಂತೆ. ಊರು ಚಾಮರಾಜಪೇಟೆ, ಆಕೆ ಮಲಗಿದ್ದದ್ದು ಅಲ್ಲಿನ ಆಸ್ಪತ್ರೆಯ ಮಂಚದ ಮೇಲೆ. ಸಕ್ಕರೆ ಕಾಯಿಲೆ, ಬೆಳಗಿನಿಂದ ಉಪವಾಸ, ಊಟದ ತಟ್ಟೆ ತಂದರೆ ಪಕ್ಕಕ್ಕೆ ಸರಿಸುತ್ತಿದ್ದಳು.

“ಬೀಗದ ಕೈ ಕೊಡಿ. ಹನುಮಂತನಗರದ ನಿಮ್ಮ ಮನೆಗೆ ಹೋಗಿ ನಾನೇ ದೀಪ ಹಚ್ತೀನಿ,” ಎಂದಳು ಎರಡು ಪಾಳಿ ಮುಗಿಸಿ ಸೋತಿದ್ದ ನರ್ಸ್ ಎಸ್ತೇರ್.

“ನಿಮ್ಮ ಯೇಸಪ್ಪ ಬೈಯಲ್ವೇನೇ?”

“ನೀವು ಉಪವಾಸ ಬಿದ್ದಿದ್ರೆ ಬೈತಾನೆ ಕಣಮ್ಮ.”

ಆ ಮನೆಯ ನಲ್ಲಿಯಲ್ಲಿ ಊದಿದ ಕಾಲು ತೊಳೆದು ದೇವರ ಗೂಡಿನ ಮುಂದೆ ಕುಳಿತಾಗ ಎಸ್ತೇರಳ ಕೈ ತಡೆಯಿತು. ಹುಟ್ಟಿದಾಗಿನಿಂದ ಬೇರೆ ದೇವರಿಗೆ ದೀಪವಿಟ್ಟವಳಲ್ಲ. “ಕರ್ತನೇ, ಅಲ್ಲಿ ಹಸಿದು ಮಲಗಿರೋದು ನೀನೇ ಅಂದ್ಕೊಂಡು ಹಚ್ತಿದೀನಿ,” ಎಂದು, ಸುಬ್ಬಮ್ಮ ಹೇಳಿಕೊಟ್ಟಂತೆ ಎರಡು ಬತ್ತಿ ಸೇರಿಸಿ ಹೊಸೆದು ಕಡ್ಡಿ ಗೀರಿದಳು. ಆಮೇಲೆ ಫೋನೆತ್ತಿ ವಾರ್ಡಿಗೆ ಹೇಳಿದಳು: “ಹಚ್ಚಾಯ್ತು. ಅಜ್ಜಿಗೆ ಊಟ ಕೊಡಿ.”