ತೆರೆದಬಾಗಿಲು ಮನೆತನ

ಕರೆಗಂಟೆ ಮತ್ತೆ ಹೊಡೆದುಕೊಂಡಿತು. ಅರ್ಪಿತ ಬೀಗದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಬಾಗಿಲ ಕಿಂಡಿಯಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ಕಂಡಳು. ಒಂದೇ ಕಾಲಿಗೆ ಚಪ್ಪಲಿ. ಮೆಟ್ಟಿಲ ಕಡೆಗೇ ತಿರುತಿರುಗಿ ನೋಡುತ್ತಿದ್ದಳು.

“ಯಾರ್ ಬೇಕಮ್ಮ? ಎದುರು ಮನೇಲಿ ಕೇಳು,” ಎಂದಳು ಅರ್ಪಿತ, ಒಳಗಿನಿಂದಲೇ.

“ಯಾರೂ ಬೇಡ ಆಂಟಿ. ಸ್ವಲ್ಪ ಹೊತ್ತು ಒಳಗಿರ್ತೀನಿ. ಅವನು ಕೆಳಗಡೆ ಫ್ಲೋರಲ್ಲಿ ಹುಡುಕ್ತಿದಾನೆ.”

ಅರ್ಪಿತ ಬೀಗ ತೆಗೆಯದೆ ಮೆಟ್ಟಿಲ ಕಡೆ ಕಿವಿಗೊಟ್ಟಳು. ಹಿಂದೊಮ್ಮೆ ಪ್ಲೇಗಿಗೆ ಹೆದರಿ ಪೇಟೆಯಿಂದ ಓಡಿಬಂದವರಿಗೆ ತಲಘಟ್ಟಪುರದ ಕಡೆಯ ಹಳ್ಳಿಯೊಂದು ಬಾಗಿಲು ಹಾಕಿಕೊಂಡಾಗ, ಗಂಡ ದೀಪಕ್‌ನ ಹಿರಿಯಜ್ಜಿಯೊಬ್ಬಳು ಮಾತ್ರ ಹಾಕಲಿಲ್ಲವಂತೆ. ಅಂದಿನಿಂದ ಅವರ ಮನೆತನದ ಹೆಸರೇ ‘ತೆರೆದಬಾಗಿಲು’. ಅತ್ತೆ ಹೇಳಿ ಹೇಳಿ ಈ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಬೇರೆಲ್ಲೂ ಇಲ್ಲದ ಆ ಹೆಸರು ಓದಿ ಪಾರ್ಸೆಲ್ ತರುವವರೂ ನಗುತ್ತಿದ್ದರು. ಮೂರು ಬೀಗದ ಬಾಗಿಲಿಗೆ ಇದೆಂಥ ಹೆಸರೆಂದು, ಹೊರಗೆ ಬಾಗಿಲ ಪಕ್ಕದ ಗೋಡೆಯ ಮೇಲಿನ ಆ ಹೆಸರಿನ ಫಲಕವನ್ನು ಅವಳು ಇವತ್ತು ಸಂಜೆ ಬಿಚ್ಚಿಸುವವಳಿದ್ದಳು.

“ಇಷ್ಟೊಂದು ಮನೆ ಇದಾವೆ. ನಮ್ಮನೇನೇ ಯಾಕೆ?”

ಹುಡುಗಿ ಫಲಕದ ಕಡೆ ಬೆರಳು ತೋರಿಸಿದಳು. “ಇಲ್ಲಿ ತೆರೆದಬಾಗಿಲು ಅಂತ ಬರ್ದಿದೆಯಲ್ಲ ಆಂಟಿ.”

ಅರ್ಪಿತ ಒಂದು ಬೀಗ ತೆಗೆದಳು. ಉಳಿದೆರಡಕ್ಕೆ ಅವಳ ಕೈ ಆತುರದಲ್ಲಿ ತಡಕಾಡಿತು.