ನಾಲ್ಕನೆಯ ಕೆಮ್ಮು

ಮೂರನೆಯ ಕೆಮ್ಮಿಗೆ ವಿಮರ್ಶಕ ಹಿಂತಿರುಗಿ ನೋಡಿದ. ಹಿಂದಿನ ಸಾಲಿನ ಮೂಲೆಯಲ್ಲಿ ಒಬ್ಬ ಮುದುಕ, ತೊಡೆಯ ಮೇಲೆ ಉಣ್ಣೆಯ ಟೋಪಿ. ಈ ಪ್ರಸಂಗವನ್ನು ಹೇಳುವವರೆಲ್ಲ ಇಲ್ಲಿಯವರೆಗೆ ಒಂದೇ ಮಾತು ಹೇಳುತ್ತಾರೆ; ಕೆಮ್ಮು ಒಟ್ಟು ನಾಲ್ಕೋ ಐದೋ ಎಂಬುದರಲ್ಲಿ ಮಾತ್ರ ಭೇದ.

ಅದು ಬಿಡುಗಡೆಗೆ ಮುಂಚಿನ ಪ್ರದರ್ಶನ. ಕಿಟಕಿಯಿಲ್ಲದ ಸಣ್ಣ ಸಭಾಂಗಣ, ಪತ್ರಿಕೆಗಳ ಹದಿನಾಲ್ಕು ಮಂದಿ. ನಿರ್ದೇಶಕಿ ಬಾಗಿಲಲ್ಲೇ ಒಂದೊಂದು ಹಾಳೆ ಕೊಟ್ಟು ಸಹಿ ಪಡೆದಿದ್ದಳು. ಬಿಡುಗಡೆಯವರೆಗೆ ಏನೂ ಬರೆಯುವುದಿಲ್ಲವೆಂಬ ಎಂದಿನ ಕರಾರು ಇರಬೇಕು. ಅಂಥದ್ದನ್ನು ಓದಿ ಸಹಿ ಹಾಕಿದವರು ಆ ವೃತ್ತಿಯಲ್ಲಿ ಒಬ್ಬರೂ ಇಲ್ಲ.

“ಚಿತ್ರ ಮುಗಿದಿದೆ ತಾನೇ?” ಎಂದು ವಿಮರ್ಶಕ ಅವಳನ್ನು ಕೇಳಿದ್ದ.

“ಕೊನೆ ಒಂದು ಬಾಕಿ ಇದೆ ಸರ್. ಅದಕ್ಕೆ ನಿಮ್ಮನ್ನೇ ನಂಬ್ಕೊಂಡಿದ್ದೀನಿ.”

ಯಾರೋ ಬಿಟ್ಟುಹೋದ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂಬಂತೆ ಚಿತ್ರ ಸಾಗಿತ್ತು. ಅಂಟುಜ್ವರ ಹಬ್ಬಿದ ವಠಾರ. ಕೆಮ್ಮಿದವರನ್ನು ಹೊರದೂಡಿ ಅಗುಳಿ ಹಾಕುವ ನೆರೆಯವರು. ಪರದೆಯ ಕೆಳಗೆ ಉರಿಯುತ್ತಿದ್ದ ಸಣ್ಣ ಕೆಂಪು ದೀಪ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಸಭಾಂಗಣದ ನಿರ್ವಹಣೆ ಸಾಲದೆಂದು ಗುರುತು ಹಾಕಿಕೊಂಡ.

ನಾಲ್ಕನೆಯ ಕೆಮ್ಮು. ಪಕ್ಕದವಳು ಕರವಸ್ತ್ರದಿಂದ ಮೂಗು ಮುಚ್ಚಿದಳು. ಇಬ್ಬರು ಕುರ್ಚಿ ಬದಲಿಸಿದರು. ಎಲ್ಲರೂ ಅವನತ್ತ ನೋಡಿದರು. ಚಿತ್ರರಂಗದವರು ಅವನಿಗೆ ಗರಗಸ ಎಂದು ಹೆಸರಿಟ್ಟಿದ್ದರು: ಹೋಗುತ್ತಲೂ ಕೊಯ್ಯುವವನು, ಬರುತ್ತಲೂ ಕೊಯ್ಯುವವನು.

ಗರಗಸ ಎದ್ದು ಹೋದ. “ಯಜಮಾನ್ರೇ, ಸ್ವಲ್ಪ ಹೊರಗಿರ್ತೀರಾ?”

“ಗಂಟಲು ಒಣಗಿದೆ ಅಷ್ಟೇ ಕಣಪ್ಪಾ. ಒಂದು ಗುಟುಕು ನೀರು ಸಿಕ್ರೆ ಸರಿಹೋಗುತ್ತೆ.”

ಗರಗಸನ ಕೈಯಲ್ಲಿ ಅರ್ಧ ತುಂಬಿದ ನೀರಿನ ಬಾಟಲಿಯಿತ್ತು. ಅದನ್ನು ಬೆನ್ನ ಹಿಂದೆ ಸರಿಸಿದ. “ಹೊರಗಡೆ ಸಿಗುತ್ತೆ, ನಡೀರಿ.” ಮುಟ್ಟಲು ಹೇಸಿ, ಟಿಪ್ಪಣಿ ಪುಸ್ತಕದ ಅಂಚಿನಿಂದ ಮುದುಕನ ಬೆನ್ನನ್ನು ತಳ್ಳಿದ. ಅಗುಳಿ ಹಾಕಿದ.

ಹೊರಗಿನಿಂದ ಎರಡು ಬಾರಿ ತಟ್ಟಿದ ಸದ್ದು. “ನನ್ನ ಟೋಪಿ ಒಳಗಿದೆ.”

ಅವನು ತೆರೆಯಲಿಲ್ಲ.

ಚಿತ್ರ ಕೊನೆಯಿಲ್ಲದೆ ಥಟ್ಟನೆ ನಿಂತಿತು. ಹೊರಗೆ ಮುದುಕನಿರಲಿಲ್ಲ. ಟೋಪಿಯನ್ನಾದರೂ ಕಾವಲಿನವನ ಬಳಿ ಕೊಟ್ಟುಹೋಗಬೇಕೆನಿಸಿತು, ಅದನ್ನೂ ಮುಟ್ಟಲಾಗಲಿಲ್ಲ.

ಆ ಎರಡು ತಟ್ಟುಗಳು ವಾರವಿಡೀ ಅವನ ಕಿವಿಯಲ್ಲಿದ್ದವು. ನೀರು ಕುಡಿಯುವಾಗಲೆಲ್ಲ ತಲೆ ತಗ್ಗುತ್ತಿತ್ತು. ಯಾರಲ್ಲೂ ಹೇಳಿಕೊಳ್ಳಲಿಲ್ಲ. ಅವಮಾನವನ್ನು ಮುಚ್ಚಿಡಲು ಅವನಲ್ಲಿ ಇದ್ದದ್ದು ಲೇಖನಿಯೊಂದೇ. ಬರೆದ: “ಚಿತ್ರದ ದೋಷ ಒಂದೇ. ಬರಿಯ ಕೆಮ್ಮಿಗೆ ಮುದಿಜೀವವನ್ನು ಹೊರದಬ್ಬುವಷ್ಟು ಮನುಷ್ಯ ಕೆಟ್ಟವನಲ್ಲ. ನಿರ್ದೇಶಕಿಗೆ ಜನರ ಪರಿಚಯ ಸಾಲದು.”

ಬಿಡುಗಡೆಯ ದಿನ ಬೆಳಿಗ್ಗೆ ಮಗಳು ಅದನ್ನು ಎರಡು ಸಲ ಓದಿದಳು. ಅಪ್ಪನ ಬರಹದಲ್ಲಿ ಹಲ್ಲಿದೆ, ಹೃದಯವಿಲ್ಲ ಎಂದು ವರ್ಷಗಟ್ಟಲೆ ಚುಚ್ಚುತ್ತ ಬಂದವಳು.

“ಪರವಾಗಿಲ್ಲ, ಗರಗಸಕ್ಕೂ ಕರುಳಿದೆ. ಮಧ್ಯಾಹ್ನದ ಆಟಕ್ಕೆ ಹೋಗೋಣ ನಡಿಯಪ್ಪಾ.”

“ನಾನು ನೋಡಿದ್ದೇ ಅಲ್ವೇನಮ್ಮಾ?”

“ನನ್ನ ಜೊತೆ ನೋಡಿಲ್ವಲ್ಲ.”

ಅಂಥ ಮಾತು ಅವಳ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಇಲ್ಲವೆನ್ನಲಾಗಲಿಲ್ಲ.

ಚಿತ್ರಮಂದಿರ ತುಂಬಿತ್ತು. ವಠಾರ, ಜ್ವರ, ಅಗುಳಿ, ಎಲ್ಲ ಹಿಂದಿನಂತೆಯೇ. ಅಂದು ಚಿತ್ರ ನಿಂತಿದ್ದ ಜಾಗ ಬಂದಾಗ ಅವನು ಏಳಹೊರಟ. ಮಗಳು ಕೈ ಹಿಡಿದು ಕೂರಿಸಿದಳು.

“ಇರಪ್ಪಾ, ಇನ್ನೂ ಇದೆ.”

ಪರದೆಯ ಮೇಲೆ ಕಿಟಕಿಯಿಲ್ಲದ ಸಣ್ಣ ಸಭಾಂಗಣವೊಂದು ಮೂಡಿತು, ಕೆಳಗಿನಿಂದ ಮೇಲಕ್ಕೆ ನೋಡಿದಂತೆ; ಮೂರನೆಯ ಕೆಮ್ಮಿಗೆ ಒಬ್ಬ ಗಂಡಸು ಹಿಂತಿರುಗಿದ, ಕೈಯಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ.